ಚನ್ನವೀರನ ಮೀಸೆ ಮತ್ತು ಆರು ಮಣ್ಣೆತ್ತು

ಮಸ್ಕಿಯಲ್ಲಿ ಸುಟ್ಟ ಮೋಟರ್ ಹೊತ್ತು ತಂದವರಿಗೆಲ್ಲ, ತಂತಿ ಸುತ್ತಿ ರಿಪೇರಿ ಮಾಡುವ ಚನ್ನವೀರ ಹೇಳುವ ಮಾತು ಒಂದೇ: "ಸಂಜಿಗೆ ಬರ್ರಿ, ರೆಡಿ ಇರ್ತೈತಿ." ಸಂಜೆಗೆ ರೆಡಿ ಇರುತ್ತಿತ್ತು, ಸುಳ್ಳಲ್ಲ. ಆದರೆ ಸುತ್ತಿದ ತಂತಿಗೆ ಹಚ್ಚಿದ ವಾರ್ನಿಷ್ ಒಣಗಲಿ ಎಂದು ಕಾಯುವ ತಾಳ್ಮೆಯನ್ನು ಬ್ರಹ್ಮ ಅವನ ಹಣೆಯಲ್ಲಿ ಬರೆದಿರಲಿಲ್ಲ. ಹತ್ತರಲ್ಲಿ ಎರಡು ಮೋಟರ್ ತಿಂಗಳೊಳಗೆ ಮತ್ತೆ ಹೊಗೆ ಬಿಟ್ಟು ಅಂಗಡಿಗೇ ಬರುತ್ತಿದ್ದವು. "ನಿಮ್ಮೂರ ಕರೆಂಟ್ ಸರಿ ಇಲ್ರಿ" ಎಂದು ಬೈಯುತ್ತ ಪುಕ್ಕಟೆ ಸುತ್ತಿಕೊಡುತ್ತಿದ್ದ. ಒಳ್ಳೆಯವನೇ, ಅವಸರದವನು ಅಷ್ಟೆ.

ಐವತ್ತೆರಡರ ಈ ಮನುಷ್ಯನಿಗೆ ಊರಲ್ಲಿ ಇದ್ದ ಮರ್ಯಾದೆಯೆಲ್ಲ ಮೀಸೆಯಿಂದ ಬಂದದ್ದು. ಮೀಸೆಯ ಕೆಳಗೆ ಒಂದು ಗಾಯದ ಕಲೆ ಇದೆಯೆಂದು ಎಲ್ಲರಿಗೂ ಗೊತ್ತು, ಕಂಡವರು ಯಾರೂ ಇಲ್ಲ. ಕಾಲುವೆಯ ಮೋಟರ್ ಕದಿಯಲು ಬಂದ ಮೂವರು ಕಳ್ಳರ ಜೊತೆ ಒಬ್ಬನೇ ಬಡಿದಾಡುವಾಗ ಕುಡಗೋಲು ತಾಗಿತ್ತಂತೆ. ಕೈ ಹಿಡಿದ ಹೆಂಡತಿ ಶೈಲಜಾಗೂ ಅವನು ಹೇಳಿದ್ದು ಇದೇ ಕಥೆ. ನಿಜ ಬಲ್ಲವಳು ಅವ್ವ ಬಸವಣ್ಣೆಮ್ಮ ಒಬ್ಬಳೇ. "ನನ್ನ ಮೀಸಿ ಆಣಿ, ಯಾರ ಮುಂದೂ ಹೇಳಬ್ಯಾಡ ಬೇ" ಎಂದು ಅವಳ ಬಾಯಿಗೆ ಬೀಗ ಹಾಕಿಟ್ಟಿದ್ದ.

ಇಂಥವನಿಗೆ ಯುದ್ಧದ ಹುಚ್ಚು ಹಿಡಿಸಿದವನು ನರಸಣ್ಣ. ಇಬ್ಬರೂ ಸಿಂಧನೂರಿನಲ್ಲಿ ಒಂದೇ ರೂಮಿನಲ್ಲಿದ್ದು ಐಟಿಐ ಕಲಿತವರು. ನರಸಣ್ಣ ಆಮೇಲೆ ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಪಾಳಿ ಮಾಡಿ, ಈಗ ಲಿಂಗಸುಗೂರಿನಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ಲಾಕ್‌ಡೌನ್ ಹೊತ್ತಿನಲ್ಲಿ ಅವನು ಮೊಬೈಲಿನಲ್ಲಿ ಒಂದು ವಿಡಿಯೋ ಕಂಡ. ಯಾವುದೋ ದೇಶದ ಇಬ್ಬರು ಬೊಜ್ಜಿನ ಗಂಡಸರು ಬೆರಳೆತ್ತರದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಟೇಪು ಹಿಡಿದು ನಡೆಸಿ, ದಾಳ ಉರುಳಿಸಿ ಹಳೇ ಕಾಲದ ರಾಜರ ಯುದ್ಧ ಆಡುತ್ತಿದ್ದರು. "ಯುದ್ಧ ಅಂದ್ರ ನಮ್ಮ ಕಡೆ ಆದದ್ದಲೇ" ಎಂದ ನರಸಣ್ಣ. ಕೃಷ್ಣೆ ತುಂಗಭದ್ರೆಯ ನಡುವಿನ ನಮ್ಮ ನೆಲಕ್ಕಾಗಿ, ಮುದಗಲ್ಲಿನ ಕೋಟೆಗಾಗಿ, ರಾಜರು ತಲೆಮಾರುಗಟ್ಟಲೆ ತಲೆ ಒಡೆದುಕೊಂಡವರಲ್ಲವೇ!

ಚನ್ನವೀರನ ಮನೆ ಮುಂದಿನ ಅಂಗಡಿಯಲ್ಲಿ ಹಳೆಯ ಬಾಗಿಲೊಂದು ರಣರಂಗವಾಯಿತು. ಅವ್ವನ ಹರಿದ ಇಳಕಲ್ ಸೀರೆಯ ನೀಲಿ ತುಂಡು ಹೊಳೆಯಾಯಿತು, ಸುಟ್ಟ ಮೋಟರಿನ ತಗಡು ಕೋಟೆಯ ಗೋಡೆಯಾಯಿತು. ಕಪ್ಪು ಯರಿಮಣ್ಣಿನ ಆನೆ, ಕುದುರೆ, ಕಾಲಾಳುಗಳಿಗೆ ತಾಮ್ರದ ತಂತಿಯ ಭರ್ಜಿ. ನರಸಣ್ಣ ನೋಟ್‌ಬುಕ್ಕಿನಲ್ಲಿ ನಿಯಮ ಬರೆದ. ಕೋಟೆಯೊಳಗೆ ಚನ್ನವೀರನ ಮಂದಿ ಹಸಿದು ಕೂತಿದ್ದಾರೆ. ಎಂಟು ಸುತ್ತಿನೊಳಗೆ, ಎರಡೆರಡು ಮಣ್ಣಿನ ಎತ್ತು ಹೂಡಿದ ಜೋಳದ ಮೂರು ಬಂಡಿಗಳನ್ನು ಅವನು ಕೋಟೆಗೆ ಮುಟ್ಟಿಸಿದರೆ ಗೆದ್ದ, ಇಲ್ಲದಿದ್ದರೆ ನರಸಣ್ಣ ಗೆದ್ದ.

ಹನ್ನೊಂದು ಆಟ ಆಡಿದರು. ಹನ್ನೊಂದನ್ನೂ ಚನ್ನವೀರ ಸೋತ. ದಾಳ ಕೈಗೆ ಬಂದೊಡನೆ ಆನೆ ಕುದುರೆಗಳನ್ನೆಲ್ಲ ಮುಂದಕ್ಕೆ ನುಗ್ಗಿಸಿ, ಬಂಡಿಗಳನ್ನು ಹಿಂದೆ ಅನಾಥ ಬಿಡುತ್ತಿದ್ದ. ನರಸಣ್ಣ ಪಾಳಿಗೆ ಹೋದಷ್ಟೇ ಸಾವಕಾಶ ಬಂದು ಹಿಡಿಯುತ್ತಿದ್ದ. "ಜಟ್ಟಿ ಕೆಳಗ ಬಿದ್ರೂ ಮೀಸಿ ಮಣ್ಣಾಗಿಲ್ಲ ಬಿಡು" ಎಂದು ಹನ್ನೊಂದನೆಯ ಸಲ ನರಸಣ್ಣ ಅಣಕಿಸಿದಾಗ ಚನ್ನವೀರನ ಪಿತ್ತ ನೆತ್ತಿಗೇರಿತು.

"ಮುಂದಿನ ಆಟ ಸೋತ್ರ ಈ ಮೀಸೀನ ಬೋಳಿಸ್ತೀನಲೇ!"

ಎದುರಿನ ಕಟಿಂಗ್ ಶಾಪಿನಿಂದ ಲಕ್ಷ್ಮಣ ಕೂಗಿದ, "ಅಣ್ಣಾ, ನನ್ನ ಕಡೀನ ಬರಬೇಕು ನೋಡ್ರಿ!"

ಮಾತು ಬಾಯಿಂದ ಹಾರಿದ ಮೇಲೆ ಚನ್ನವೀರನಿಗೆ ಕಲೆಯ ನೆನಪಾಯಿತು. ಮೀಸೆ ಹೋದರೆ ಕಲೆ ಕಾಣುತ್ತದೆ, ಕಲೆ ಕಂಡರೆ ಮೂವರು ಕಳ್ಳರೂ ಓಡಿಹೋಗುತ್ತಾರೆ. ವಾರವಿಡೀ ಯೋಚಿಸಿ ಒಂದು ಹಂಚಿಕೆ ಹೂಡಿದ. ನರಸಣ್ಣ ದಾರಿಯಲ್ಲಿ ಎತ್ತು ಎದುರಾದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಮುಂದೆ ಹೋಗುವವನಲ್ಲ. ಹಾಗಾಗಿ ಆಟವನ್ನು, ಮನೆಮನೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯ ದಿನಕ್ಕೇ ಗೊತ್ತು ಮಾಡಿದ.

"ಯವ್ವಾ, ಈ ಸಲ ಬ್ಯಾರೆ ಮಣ್ಣೆತ್ತು ಮಾಡಬ್ಯಾಡ. ನನ್ನ ಬಂಡಿ ಎತ್ತು ಆರು ಅದಾವ, ಅವನ್ನ ಪೂಜಿ ಮಾಡು" ಎಂದ ಬೆಳಿಗ್ಗೆ. ಎಂದೂ ಊದುಬತ್ತಿ ಹಚ್ಚದ ಮಗನ ಭಕ್ತಿಗೆ ಬಸವಣ್ಣೆಮ್ಮ ಹಿಗ್ಗಿಹೋದಳು. ಎತ್ತುಗಳಿಗೆ ವಿಭೂತಿ, ಕುಂಕುಮ ಹಚ್ಚಿ, ಹೋಳಿಗೆಯ ಚೂರು ಎಡೆ ಹಿಡಿದು ಕೈ ಮುಗಿದಳು.

ಹನ್ನೊಂದರ ಬಸ್ಸಿಗೆ ನರಸಣ್ಣ ಬಂದ, ಆಟ ಸುರುವಾಯಿತು. ಐದನೆಯ ಸುತ್ತಿಗೆ ಅವನ ಕುದುರೆಗಳು ಎಂದಿನಂತೆ ಬಂಡಿಗಳನ್ನು ಸುತ್ತುವರಿದವು. ದಾಳ ಎತ್ತಿದವನು ಬಗ್ಗಿ ಎತ್ತುಗಳ ಹಣೆಯ ವಿಭೂತಿ, ಕುಂಕುಮ ನೋಡಿದ.

"ಇವಕ್ಕ ಪೂಜಿ ಆಗೈತೇನಲೇ?"

"ಆಗೈತಿ. ಅವ್ವ ಮಾಡ್ಯಾಳ. ಪೂಜಿ ಆದಮ್ಯಾಲ ಅವು ಮಣ್ಣಲ್ಲ, ಖರೇ ಎತ್ತು. ಧೈರ್ಯ ಇದ್ರ ಹೊಡಿ."

ನರಸಣ್ಣ ದಾಳ ಕೆಳಗಿಟ್ಟ. ಎತ್ತು ಮುಟ್ಟಿ ಕಣ್ಣಿಗೊತ್ತಿಕೊಂಡು ಕುದುರೆಗಳನ್ನು ಹಿಂದೆ ಸರಿಸಿದ. "ನಾ ಚಾಪಿ ಕೆಳಗ ನುಸುಳಿದ್ರ ನೀ ರಂಗೋಲಿ ಕೆಳಗ ನುಸುಳತಿ" ಎಂದು ಗೊಣಗಿದ. ಚನ್ನವೀರನಿಗೆ ಸ್ವರ್ಗಕ್ಕೆ ಮೂರೇ ಗೇಣು, ಕೋಟೆಗೆ ನಾಲ್ಕೇ ಇಂಚು. ಸುತ್ತಿಗೆ ಎರಡಿಂಚಿನಂತೆ ಎರಡು ಸುತ್ತು ಸಾಕಿತ್ತು. ಮೀಸೆ ತಿರುವುತ್ತ ಟೇಪು ಹಿಡಿದು ಬಂಡಿ ದೂಡಿದ. ಆರನೆಯ ಸುತ್ತು ಮುಗಿಯಿತು. ಏಳನೆಯದಕ್ಕೆ ಕೈ ಹಾಕಿದಾಗ ಹೋಳಿಗೆಯ ತಾಟು ಹಿಡಿದು ಅವ್ವ ಒಳಗಿನಿಂದ ಬಂದಳು.

"ಏನ್ ಮಾಡಾಕತ್ತಿಯೋ?"

"ಬಂಡಿ ಕೋಟಿಗೆ ಒಯ್ಯಾಕತ್ತೀನಿ ಬೇ."

"ನಿನ್ನ ಕೈ ಸೇದಿ ಹೋಗ! ಅಮಾಸಿ ದಿನ ಯಾವ ಒಕ್ಕಲಿಗ ಎತ್ತು ಹೂಡ್ಯಾನೋ? ಪೂಜಿ ಮಾಡಿಸ್ಕೊಂಡ ಎತ್ತಿನ ಹೆಗಲಿಗೆ ನೊಗಾ ಹೇರ್ತಿಯಾ?"

"ಯವ್ವಾ, ಅವು ಮಣ್ಣಿನವು…"

"ಖರೇ ಎತ್ತು ಅಂದಿದ್ದೆಲ್ಲೋ ಈಗ" ಎಂದ ನರಸಣ್ಣ, ಹೋಳಿಗೆ ಮುರಿಯುತ್ತ.

ಬಸವಣ್ಣೆಮ್ಮ ಕಡ್ಡಿಯ ನೊಗಗಳನ್ನು ಒಂದೊಂದಾಗಿ ಬಿಚ್ಚಿ, ಆರೂ ಎತ್ತುಗಳ ಮುಂದೆ ಹುಲ್ಲೆಸಳು ಹಾಕಿ, ಅಲ್ಲೇ ಕಾವಲು ಕೂತಳು. ಬಂಡಿಗಳು ಕೋಟೆಗೆ ಎರಡಿಂಚು ಇರುವಂತೆ ನಿಂತವು. ಏಳು ಮುಗಿಯಿತು, ಎಂಟೂ ಮುಗಿಯಿತು. ಮಾಡಿದ್ದುಣ್ಣೋ ಮಹಾರಾಯ.

ಲಕ್ಷ್ಮಣನ ಕತ್ತಿ ಎರಡೇ ಎಳೆತಕ್ಕೆ ಕೆಲಸ ಮುಗಿಸಿತು. ಮೇಲ್ತುಟಿಯ ಮೇಲೆ ಕಡಲೆಕಾಳಿನಷ್ಟು ದುಂಡನೆಯ ಕಲೆ ಹೊರಬಿತ್ತು. ನರಸಣ್ಣ ಬಗ್ಗಿ ನೋಡಿದ.

"ಕುಡಗೋಲು ಹಿಂಗ ದುಂಡಗ ಕಡೀತೈತೇನಲೇ?"

ಚನ್ನವೀರ ಕನ್ನಡಿಯೊಳಗಿಂದಲೇ, ಬಾಗಿಲಲ್ಲಿ ಸೊಸೆಯ ಜೊತೆ ನಿಂತ ಅವ್ವನ ಕಡೆ ದೀನನಾಗಿ ನೋಡಿದ.

"ಮೀಸಿ ಆಣಿ ಹಾಕಿದ್ದಿ. ಮೀಸಿ ಹೋತು, ಆಣೀನೂ ಹೋತು" ಎಂದಳು ಬಸವಣ್ಣೆಮ್ಮ. "ಒಂಬತ್ತು ವರ್ಷದಾಂವ ಇದ್ದ. ಇಂಥಾದ್ದ ಮಣ್ಣೆತ್ತಿನ ಅಮಾಸಿ. ಅವರಪ್ಪ ಉಂಡು ಮಲಗಿದ್ದಾಗ ಕಳ್ಳತನದಿಂದ ಎತ್ತು ಬಂಡಿಗೆ ಹೂಡಾಕ ಹೋಗ್ಯಾನ. ಎತ್ತು ಕೋಡಿಲೆ ಒಂದು ಕೊಡ್ತು. ಅದು ಆವತ್ತ ಹೇಳಿತ್ತು, ಇವಂಗ ಇವತ್ತಿಗೂ ತಿಳಿದಿಲ್ಲ!"

ಶೈಲಜಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಚನ್ನವೀರನ ಕಿವಿ ಕೆಂಪಾದವು, ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ, ಇಷ್ಟು ವರ್ಷ ಹೊತ್ತ ಮೂವರು ಕಳ್ಳರನ್ನು ಇಳಿಸಿದ್ದಕ್ಕೋ ಏನೋ, ಎದೆ ಹಗುರಾಗಿ ತಾನೂ ನಗತೊಡಗಿದ.

ನರಸಣ್ಣ ನೋಟ್‌ಬುಕ್ಕಿನಲ್ಲಿ ಹೊಸ ನಿಯಮ ಬರೆದ: ಪೂಜೆಯಾದ ಎತ್ತನ್ನು ಹೊಡೆಯುವಂತಿಲ್ಲ, ಹೂಡುವಂತಿಲ್ಲ. ಬರೆದು, "ಮುಂದಿನ ಆಟ ಯಾವತ್ತಲೇ? ನಾಳೆ ಅಂತಿ ಹೌದಿಲ್ಲೋ?" ಎಂದ.

ಚನ್ನವೀರ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ತಿಥಿ, ವಾರಗಳ ಮೇಲೆ ಬೆರಳಾಡಿಸಿದ. ಖಾಲಿ ತುಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ತಡಿ. ಅವ್ವನ್ನ ಕೇಳಿ ಹೇಳ್ತೀನಿ."