ಅತ್ತೆ ಎಣಿಸಿ ಕೊಟ್ಟ ಹತ್ತು ಕಾಳು

ಪುಣೆಗೆ ಬಂದ ಮೊದಲ ವಾರವೇ ಶೇಂಗಾದ ಬಣ್ಣ ನೀಲಿ ಎಂದು ಗೊತ್ತಾಯಿತು. ಗದಗ ಕಡೆಯ ಮಸಾರಿ ಹೊಲದಲ್ಲಿ, ಉಗುರಿಗೆ ಕೆಂಪು ಮಣ್ಣು ಮೆತ್ತಿಕೊಂಡು ಶೇಂಗಾ ಕಿತ್ತು ಬೆಳೆದವಳು ನಾನು. ಇಲ್ಲಿ, ಬೀಜ ಪರೀಕ್ಷಿಸುವ ಪ್ರಯೋಗಾಲಯದಲ್ಲಿ, ಅದೇ ಕಾಳನ್ನು ಅರೆದು ಅದರ ಪ್ರೋಟೀನನ್ನು ಗಿಣ್ಣದಷ್ಟು ಮೆತ್ತಗಿನ ಜೆಲ್ಲಿನೊಳಗೆ ಕರೆಂಟು ಕೊಟ್ಟು ಓಡಿಸುತ್ತೇವೆ. ಸಣ್ಣವು ಮುಂದೆ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಆಮೇಲೆ ಬಣ್ಣದಲ್ಲಿ ಅದ್ದಿದರೆ ನೀಲಿ ಪಟ್ಟೆಗಳು ಮೂಡುತ್ತವೆ. ಪಟ್ಟೆ ನೋಡಿ ತಳಿ ಯಾವುದೆಂದು ಹೇಳುವುದು ನನ್ನ ಕೆಲಸ. ಎಷ್ಟೋ ತಳಿಗಳ ಪಟ್ಟೆ ಒಂದೇ ತೆರ; ನೋಡಿ ನೋಡಿ ಕಣ್ಣು ಸೋಲುತ್ತದೆ.

ಮನೆ ವಾಕಡದಲ್ಲಿ, ಕೆಲಸ ವಿಮಾನ ನಗರದ ಆಚೆ. ಎರಡು ಬಸ್ಸು ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಯಾವ ಭಾಷೆಯಲ್ಲೂ ಮಾತಾಡುವ ತ್ರಾಣ ಇರುವುದಿಲ್ಲ. ಊರಲ್ಲಿ ಶೇಂಗಾ ಎಂದರೆ ಚಟ್ನಿ, ಹೋಳಿಗೆ. ಇಲ್ಲಿ ಅದು ‘ಕೂಟ’, ಅಂದರೆ ಹುರಿದು ಕುಟ್ಟಿದ ಪುಡಿ. ಮನೆಯೊಡತಿ ಅದನ್ನು ಸೌತೆಕಾಯಿಗೂ ಉದುರಿಸುತ್ತಾರೆ. ಅವರನ್ನು ಕಾಕು ಎನ್ನುತ್ತೇನೆ, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ. ನನ್ನ ಕೆಲಸ ಕೇಳಿ ಕಾಕು ನಕ್ಕುಬಿಟ್ಟಿದ್ದರು: “ದಾಣೆ ಮ್ಹಣಜೆ ದಾಣೆ ಗ! ತ್ಯಾತ್ ಕಾಯ್ ಬಘಾಯ್ಚಂ?” ಶೇಂಗಾ ಅಂದರೆ ಶೇಂಗಾ, ಅದರಲ್ಲಿ ನೋಡುವುದೇನು ಎಂದರ್ಥ. ಉತ್ತರ ಕೊಡುವಷ್ಟು ಮರಾಠಿ ಆಗ ಇರಲಿಲ್ಲ.

ನೋಡುವುದೇನು ಎಂಬುದು ಅಪ್ಪನ ತಂಗಿ ಶಾಂತತ್ತೆಗೆ ಗೊತ್ತಿತ್ತು. ಮದುವೆಯಾಗಿ ಹೋಗುವಾಗ ತವರಿನ ಶೇಂಗಾ ಬೀಜ ಉಡಿಯಲ್ಲಿ ಕಟ್ಟಿಕೊಂಡು ಹೋಗಿ, ಅಂದಿನಿಂದ ಬಿತ್ತುತ್ತ ಬಂದವಳು. ತವರಿನಲ್ಲೇ ಈಗ ಆ ತಳಿ ಇಲ್ಲ. ಹೋದ ವರ್ಷ ಶೇಂಗಾ ಬಿಡಿಸುವ ಬಾಡಿಗೆ ಮಷಿನ್ನಿನಲ್ಲಿ ಪಕ್ಕದ ಹೊಲದವರ ಪೇಟೆ ಬೀಜ ಕಲೆತುಹೋಯಿತು. ದೀಪಾವಳಿಗೆ ಹೋದಾಗ ಅತ್ತೆ ಇಡೀ ಚೀಲ ಸುರುವಿ, ತನಗೆ ನಂಬಿಕೆ ಬಂದ ಹತ್ತೇ ಹತ್ತು ಕಾಳು ಆರಿಸಿ ನನ್ನ ಕೈಗಿಟ್ಟಳು.

“ಇದರಾಗ ನಮ್ಮವು ಯಾವು ನೋಡಿ ಹೇಳು. ಎಣಿಸಿ ಕೊಟ್ಟೀನಿ, ಹತ್ತೂ ವಾಪಸ್ ತರಬೇಕ ಮತ್ತ.”

ಅರೆಯದೆ ಪರೀಕ್ಷೆಯಿಲ್ಲ, ಅರೆದರೆ ವಾಪಸ್ ಕೊಡುವುದೇನು? ಮೇಲಿನವರ ಒಪ್ಪಿಗೆ ಪಡೆದು, ಮೊಳಕೆ ಒಡೆಯುವ ತುದಿ ಉಳಿಸಿಕೊಂಡು, ಪ್ರತಿ ಕಾಳಿನ ಇನ್ನೊಂದು ಅರ್ಧ ಕೊಯ್ದು ಅರೆದೆ.

ಆರು ಕಾಳಿನ ಪಟ್ಟೆ ಪೇಟೆಯ ತಳಿಯದೇ. ನಾಲ್ಕರಲ್ಲಿ ಮಾತ್ರ ಒಂದು ಪಟ್ಟೆ ತುಸು ಕೆಳಗಿತ್ತು. ಬೇರೆ ಎನ್ನಬಹುದು, ನಮ್ಮದೇ ಎಂದು ಜೆಲ್ ಹೇಳುವುದಿಲ್ಲ. ಆದರೂ ಆ ಗೆರೆ ನೋಡಿ ನನಗೆ ಅಳುವಷ್ಟು ಖುಷಿಯಾಯಿತು. ಸಂಜೆ ಕಾಕುವಿಗೆ ನನ್ನ ಹರಕು ಮರಾಠಿಯಲ್ಲಿ ಎಲ್ಲ ಹೇಳಿದೆ. ಈ ಸಲ ಅವರು ನಗಲಿಲ್ಲ. ಅರ್ಧ ಕಾಳುಗಳನ್ನು ಕಳಿಸಲೆಂದು ತಮ್ಮ ಕುಂಕುಮದ ಡಬ್ಬಿ ಖಾಲಿ ಮಾಡಿ, ಒರೆಸಿ ಕೊಟ್ಟರು. ಆ ನಾಲ್ಕನ್ನು ಬೇರೆ ಕಟ್ಟಿ, ಹತ್ತನ್ನೂ ಊರ ಕಡೆ ಹೊರಟವರ ಕೈಲಿ ಕಳಿಸಿದೆ.

ಮುಂಗಾರು ಬಿದ್ದ ಮೇಲೆ ಅತ್ತೆಯ ಫೋನು ಬಂತು. “ನಾಕರಾಗ ಮೂರು ಎದ್ದಾವ ನೋಡವಾ! ಭಾಳ ಚಲೋ ಅದಾವ. ಆದ್ರ ಅರ್ಧರ್ಧಾನ ಕಳಿಸಿದಿ. ಉಳಿದರ್ಧ?”

“ಅದು ಇಲ್ಲೇ ಖರ್ಚಾತು ಅತ್ತಿ. ಉಳಿಸಿದ್ರೂ ಏಳ್ತಿದ್ದಿಲ್ಲ.”

ಕಾಳಿನ ಮಾತನ್ನೇ ಆಡಿದ್ದೆ, ಆದರೆ ಹೇಳಿದ್ದು ನನ್ನ ಬಗ್ಗೆಯೇ ಅನಿಸಿತು. ಅತ್ತೆಗೆ ತಿಳಿಯಿತೋ ಏನೋ.

“ಹೋಗ್ಲಿ ಬಿಡು. ಎದ್ದದ್ದಾದ್ರೂ ನೋಡ್ಕೊಂಡ ಹೋಗು, ಬಾ.”

ನೋಡಿಕೊಂಡು ಹೋಗು ಎಂದಳು. ಊರಿಗೇ ಬಂದುಬಿಡು ಎನ್ನಲಿಲ್ಲ.