ಬಣ್ಣ ಯಾವ್ದು ಹಾಕ್ಲಿರಿ?

ಹೊಸಪೇಟೆಯಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಪಕ್ಕ ಫ್ಲೆಕ್ಸ್ ಡಿಸೈನ್ ಮಾಡುವವರೊಬ್ಬರಿದ್ದರು. ಜಯಂತಿಯ ಫ್ಲೆಕ್ಸ್ ಮಾಡಿಸಲು ಯಾವ ಸಮಾಜದ ಮುಖಂಡರು ಬಂದರೂ ಕಂಪ್ಯೂಟರಿನಿಂದ ಕಣ್ಣು ಕೀಳದೆ ಒಂದೇ ಮಾತು ಕೇಳುತ್ತಿದ್ದರು: "ಬಣ್ಣ ಯಾವ್ದು ಹಾಕ್ಲಿರಿ?" ಜಾತಿ ಕೇಳಿದ್ದನ್ನು ನಾನು ಕಾಣೆ. ಬಣ್ಣ ಹೇಳಿದರೆ ಅವರಿಗೆ ಎಲ್ಲ ತಿಳಿಯುತ್ತಿತ್ತು. ನಡುವೆ ಮಹಾಪುರುಷರು, ಸುತ್ತ ಕೈಮುಗಿದ ಇಪ್ಪತ್ತು ಮುಖಗಳು, ಮೂಲೆಯಲ್ಲಿ ಘರ್ಜಿಸುವ ಸಿಂಹ. ಎಲ್ಲ ಸಮಾಜಕ್ಕೂ ಅದೇ ಸಿಂಹ.

ಒಮ್ಮೆ ಗಾದಿಗನೂರು ಕಡೆಯ ಮುಖಂಡರೊಬ್ಬರು ಉರಿದುಕೊಂಡು ಬಂದರು. ವೇದಿಕೆಯ ಹಿಂದೆ ಕಟ್ಟುವ ಫ್ಲೆಕ್ಸಿನಲ್ಲಿ ಅವರ ಫೋಟೊ ಕಾರ್ಯದರ್ಶಿಯದಕ್ಕಿಂತ ಸಣ್ಣದಾಗಿತ್ತು.

"ಇಡೀ ಸಮಾಜಕ್ಕ ಅವಮಾನ ಮಾಡೀರಿ!" ಎಂದು ಮೇಜು ಗುದ್ದಿದರು.

ಡಿಸೈನಿನವರು ಕನ್ನಡಕವನ್ನು ಹಣೆಗೇರಿಸಿದರು. "ದೊಡ್ಡದು ಮಾಡ್ತೀನ್ರಿ. ಆದ್ರ ಜಾಗ ಇಲ್ಲ. ಯಾರನ್ನ ತಗೀಲಿ?"

ಮುಖಂಡರ ಬೆರಳು ಪರದೆಯ ಮೇಲೆ ಓಡಾಡಿತು. ಕಾರ್ಯದರ್ಶಿಯನ್ನು ತೆಗೆದರೆ ಜಗಳ. ಖಜಾಂಚಿ ಅವರ ಬೀಗರು. ಯುವಕ ಸಂಘದವರು ಕುರ್ಚಿ ಮುರಿಯುವವರು. ಬೆರಳು ಕೊನೆಗೆ ನಡುವೆ ಬಂದು ನಿಂತಿತು.

"ಇವರನ್ನ ತಗೀರಿ. ಇವರು ಹೆಂಗೂ ಎಲ್ಲಾರಿಗೂ ಗೊತ್ತಲ್ಲ."

ಮಹಾಪುರುಷರು ಒಂದೇ ಕ್ಲಿಕ್ಕಿಗೆ ಮಾಯವಾದರು.

"ಬಣ್ಣ ಯಾವ್ದು ಹಾಕ್ಲಿರಿ?" ಇವರು ರೂಢಿಯಂತೆ ಕೇಳಿದರು.

"ಏ, ಬಣ್ಣ ಮುಟ್ಟಬ್ಯಾಡ್ರಿ! ಮಂದಿ ಸುಮ್ನ ಬಿಡಂಗಿಲ್ಲ."

ಮರುದಿನ ಜಯಂತಿ. ಆ ಫ್ಲೆಕ್ಸಿನ ಮುಂದೆ ಮಂದಿ ಗಂಟಲು ಹರಿಯುವಂತೆ ಜೈಕಾರ ಹಾಕಿದರು. ಜಯಂತಿ ಯಾರದೋ ಅವರೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಬಣ್ಣ ಸರಿಯಾಗಿತ್ತಲ್ಲ!