ಹದಿಮೂರನೇ ಗುಡ್ಡೆ

ಚಾಮರಾಜಪೇಟೆಯ ಆ ಓಣಿಯಲ್ಲಿ ನಂಜಪ್ಪನಷ್ಟು ಕುರಿ ಬಲ್ಲವರಿಲ್ಲ ಎಂದು ಮೊದಲು ಹೇಳಿದವನು ನಂಜಪ್ಪನೇ. ಆಮೇಲೆ ನಲವತ್ತು ವರ್ಷ ಅದನ್ನೇ ಹೇಳುತ್ತ ಬಂದ. ನಾಲ್ಕು ಮನೆ ಬಾಡಿಗೆಗೆ ಬಿಟ್ಟು ಕಾಲ ಮೇಲೆ ಕಾಲು ಹಾಕಿ ಕೂತವನಿಗೆ ಬೇರೆ ಕಸುಬಾದರೂ ಏನಿತ್ತು? ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಓಣಿಯ ಹನ್ನೆರಡು ಮನೆಯವರು ಸೇರಿ ಒಂದು ಕುರಿ ತರುತ್ತಿದ್ದರು. ನಂಜಪ್ಪ ಅದರ ಬೆನ್ನು ತಡವಿ, ಬಾಲದ ಬುಡ ಹಿಚುಕಿ, ಮನೆಗೊಂದರಂತೆ ಹಂಚುವ ಒಂದೂವರೆ ಕೆಜಿಯ ಮಾಂಸದ ಗುಡ್ಡೆ ಎಷ್ಟು ಬೀಳುತ್ತವೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಕುರಿ ನೋಡಿ ಆರಿಸಿದವನಿಗೆ ತಲೆಮಾಂಸ ಎಂಬುದು ಓಣಿಯ ರಿವಾಜು. ಹಾಗಾಗಿ ತಲೆ ಪ್ರತಿ ವರ್ಷ ಅವನ ಮನೆಗೇ ಹೋಗುತ್ತಿತ್ತು.

ಓಣಿಯ ಕೊನೆಯಲ್ಲಿ ಹದಿಮೂರನೇ ಮನೆಯೊಂದಿತ್ತು. ಗಿರಣಿಯಲ್ಲಿ ದುಡಿದು ಸವೆದು ತೀರಿಕೊಂಡ ಮುನಿಸ್ವಾಮಿಯ ಮನೆ. ಗೋಡೆಯ ಮೇಲೆ ಬುದ್ಧನ ಪಟ. ಅವರಿಗೆ ಗುಡ್ಡೆಯಿಲ್ಲ, ಕರುಳು-ಬೋಟಿ ಮಾತ್ರ. ಕುರಿಯಲ್ಲಾಗಲಿ ಮನುಷ್ಯರಲ್ಲಾಗಲಿ ತಳಿ ಅಂತ ಒಂದಿರುತ್ತದೆ ಎಂದು ನಂಜಪ್ಪ ವಿವರಿಸುತ್ತಿದ್ದ. ಜಾತಿ ಎಂಬ ಮಾತನ್ನು ಬಾಯಿಬಿಟ್ಟು ಆಡದಷ್ಟು ಮರ್ಯಾದಸ್ಥ ಅವನು.

ಹೋದ ವರ್ಷ ಅವನು ಆರಿಸಿದ ಕುರಿಯಲ್ಲಿ ಬರೀ ಕೊಬ್ಬು. ಸಾರಿನ ಮೇಲೆ ಬೆರಳು ದಪ್ಪ ಜಿಡ್ಡು ನಿಂತು ಮೂರು ಮನೆಯವರ ಹೊಟ್ಟೆ ಕೆಟ್ಟಿತು. ಅದಕ್ಕೇ ಈ ಸಲ ಓಣಿಯವರು ಮುನಿಸ್ವಾಮಿಯ ಮಗಳು ಯಶೋಧರಾಳನ್ನು ಕುರಿ ಕೊಡಿಸುವಂತೆ ಕೇಳಿಕೊಂಡರು, ಅವಳು ಪಶುವೈದ್ಯೆ. ಬೋಟಿ ತಿಂದು ಬೆಳೆದವಳು ಕುರಿ ಆರಿಸುವುದೇ ಎಂದು ನಂಜಪ್ಪ ಕುದಿದುಹೋದ. ಆದರೂ ಅಡ್ಡ ಬರಲಿಲ್ಲ. ಎಲ್ಲರೆದುರು ಅವಳ ಮಾನ ಕಳೆಯಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ ಎಂಬುದು ಅವನ ಲೆಕ್ಕ.

ಕುರಿ ಬಂತು. ನಂಜಪ್ಪ ಬಾಲದ ಬುಡ ಹಿಚುಕಿದ. ಕೈಗೆ ಏನೂ ಸಿಗಲಿಲ್ಲ. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಉಪವಾಸ ಕೆಡವಿದ ಬಡಕಲು, ಒಂಬತ್ತು ಗುಡ್ಡೆ ಬಿದ್ದರೆ ಹೆಚ್ಚು ಎಂದು ಓಣಿಗೆಲ್ಲ ಕೇಳುವಂತೆ ಸಾರಿದ. ಹತ್ತನೆಯದು ಬಿದ್ದರೆ ಇನ್ನು ಕುರಿಯ ಮೈ ಮುಟ್ಟುವುದಿಲ್ಲವೆಂದೂ ಸೇರಿಸಿದ.

ಯಶೋಧರಾ ಸಮಾಧಾನವಾಗಿಯೇ ತಿಳಿಹೇಳಿದಳು. ಸ್ನಾಯು ಮಿತಿಮೀರದಂತೆ ತಡೆಯುವ ಜೀನ್ ಎಲ್ಲ ಕುರಿಗಳಲ್ಲೂ ಇರುತ್ತದೆ, ಈ ತಳಿಯಲ್ಲಿ ಆ ತಡೆ ಸಡಿಲ, ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದದ್ದು, ತಿಂದದ್ದು ಕೊಬ್ಬಾಗದೆ ಮಾಂಸವಾಗುತ್ತದೆ ಎಂದಳು.

"ನೀವು ಹುಡುಕ್ತಿರೋದು ಕೊಬ್ಬು, ನಂಜಪ್ಪನವರೇ. ತೊಡೆ ಮುಟ್ಟಿ ನೋಡಿ."

"ನಂಗೆ ಪಾಠ ಹೇಳ್ಬೇಡಮ್ಮ," ಎಂದು ನಂಜಪ್ಪ ಕೈ ಒರೆಸಿಕೊಂಡ. ತೊಡೆ ಮುಟ್ಟಿದ್ದರೆ ಗೊತ್ತಾಗುತ್ತಿತ್ತು. ಅವಳು ಹೇಳಿದಳೆಂಬ ಒಂದೇ ಕಾರಣಕ್ಕೆ ಮುಟ್ಟಲಿಲ್ಲ.

ಕುರಿ ಕುಯ್ದು ಬಾಳೆಲೆಗಳ ಮೇಲೆ ತೂಗಿ ತೂಗಿ ಹಾಕಿದರು. ಒಂಬತ್ತಾಯಿತು, ಹತ್ತಾಯಿತು. ಹನ್ನೆರಡು ಮನೆಗೂ ಹಂಚಿದ ಮೇಲೆ ಇನ್ನೊಂದು ಗುಡ್ಡೆ ಉಳಿಯಿತು. ನಂಜಪ್ಪ ತನ್ನ ಚಪ್ಪಲಿ ನೋಡಿಕೊಂಡು ನಿಂತಿದ್ದ.

ಓಣಿಯವರು ತಲೆಯನ್ನು ತಟ್ಟೆಯಲ್ಲಿಟ್ಟು ಯಶೋಧರಾಳತ್ತ ಚಾಚಿದರು. ಅವಳು ಮುಟ್ಟಲಿಲ್ಲ.

"ತಲೆ ಅವ್ರಿಗೇ ಕೊಡಿ, ಅಭ್ಯಾಸ ಆಗ್ಬಿಟ್ಟಿದೆ. ನಮ್ಮನೆ ಗುಡ್ಡೆ ಮಾತ್ರ ನಂಜಪ್ಪನವರು ಕೈಯಾರೆ ಹಾಕ್ಲಿ. ಬೋಟಿಗೆ ನಮ್ಮಪ್ಪ ಇದೇ ಪಾತ್ರೆ ಹಿಡೀತಿದ್ರು."

ಅವಳು ಮುಂದೆ ಹಿಡಿದದ್ದು ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ. ಇಡೀ ಓಣಿ ನೋಡುತ್ತಿತ್ತು, ಒಬ್ಬರೂ ನಂಜಪ್ಪನ ಸಹಾಯಕ್ಕೆ ಬರಲಿಲ್ಲ. ಅವನು ಬಗ್ಗಿ, ಎಲೆ ಎತ್ತಿ, ಮಾಂಸವನ್ನು ಪಾತ್ರೆಗೆ ಸುರಿದ. ಒಂದೂವರೆ ಕೆಜಿ ಪೂರ್ತಿ ಇತ್ತು. ಅಷ್ಟು ಅವನ ಕೈಗೂ ಗೊತ್ತಾಯಿತು.